ಒಂದು ರೂಪಾಯಿ ಆಫರ್, ಹದಿನಾಲ್ಕು ತಿಂಗಳ ಕಂತು



ಕೇರಳದ ವಿಳಿಂಜಂನಲ್ಲಿರುವ ನಮ್ಮಕ್ಕ ಓಣಂಗೆಂದು ಆನ್‌ಲೈನ್‌ನಲ್ಲಿ ಸೀರೆ ತಗೊಂಡಳು. ಜೊತೆಗೆ 'ಒಂದೇ ರೂಪಾಯಿಗೆ ಮೊದಲ ತಿಂಗಳ ಸದಸ್ಯತ್ವ' ಅಂತಿತ್ತು, ಒತ್ತಿದಳು. ಆಮೇಲೆ ಕ್ರೆಡಿಟ್ ಕಾರ್ಡಿನಿಂದ ತಿಂಗಳಿಗೆ 299 ರೂಪಾಯಿ. ಗೊತ್ತಾಗುವ ಹೊತ್ತಿಗೆ 14 ತಿಂಗಳು, 4,186 ರೂಪಾಯಿ!

ಗುಟ್ಟು ಇಷ್ಟೇ. ಆ ಒಂದು ರೂಪಾಯಿಗೆ ಕೊಟ್ಟ ಒಟಿಪಿಯೇ ಮುಂದಿನ ಕಂತುಗಳಿಗೂ ಒಪ್ಪಿಗೆ. 15,000 ರೂಪಾಯಿವರೆಗಿನ ಇಂಥ ಕಂತಿಗೆ ಮತ್ತೆ ಒಟಿಪಿ ಕೇಳುವುದಿಲ್ಲ. ಆದರೆ 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಬ್ಯಾಂಕು ಮೆಸೇಜೋ ಇಮೇಲೋ ಕಳಿಸಬೇಕು. ಬೇಡವೆನ್ನಲು ಅವಕಾಶವನ್ನೂ ಕೊಡಬೇಕು. ಅಕ್ಕನಿಗೂ ಮೆಸೇಜ್ ಬರುತ್ತಿತ್ತು. ಜಾಹೀರಾತು ಅಂದ್ಕೊಂಡು ಅಳಿಸಿಬಿಡುತ್ತಿದ್ದಳು!

ಅಂಗಡಿಯ ಆ್ಯಪ್ ತೆಗೆದುಹಾಕಿದರೆ ಕಂತು ನಿಲ್ಲುವುದಿಲ್ಲ. ಸದಸ್ಯತ್ವ ರದ್ದು ಮಾಡಿ. ಬ್ಯಾಂಕಿನ ಆ್ಯಪ್‌ನಲ್ಲಿ 'ಇ-ಮ್ಯಾಂಡೇಟ್' ಅಥವಾ 'ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್' ಹುಡುಕಿ, ಅದನ್ನೂ ರದ್ದು ಮಾಡಿ. ರದ್ದತಿಯ ದಾರಿಯನ್ನೇ ಬಚ್ಚಿಡುವ 'ಚಂದಾ ಬಲೆ'ಯನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಷೇಧಿಸಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇವತ್ತೇ ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ಒಂದೊಂದೇ ಸಾಲು ನೋಡಿ. ಹಾಡು ಆಮೇಲೆ ಕೇಳೋಣ!