ಕೊರಳಿನ ಗಂಟು: ಅಂಜಿಕೆಯೂ ಬೇಡ, ಅಸಡ್ಡೆಯೂ ಬೇಡ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಯ ಮನೆಗಳಲ್ಲಿ ಕೊರಳಿನಲ್ಲಿ ಗಂಟು ಕಂಡಾಗ ಎರಡು ಬಗೆಯ ತಪ್ಪುಗಳು ನಡೆಯುವುದುಂಟು. ನೋವಿಲ್ಲವೆಂದು ತಾಯಂದಿರು ಅದನ್ನು ಸೆರಗಿನಲ್ಲಿ ಮರೆಮಾಡಿ ಸುಮ್ಮನಿರುವುದು ಒಂದು. ಕ್ಯಾನ್ಸರೇ ಇರಬೇಕೆಂದು ಮನೆಮಂದಿಯೆಲ್ಲ ಕಂಗೆಡುವುದು ಇನ್ನೊಂದು.

ಗಂಟಲಿನ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ ಇಂತಹ ಗಂಟುಗಳು ಪುರುಷರಿಗಿಂತ ಸ್ತ್ರೀಯರಲ್ಲಿಯೇ ಅಧಿಕ. ಅವುಗಳಲ್ಲಿ ನೂರಕ್ಕೆ ಸುಮಾರು 90ಕ್ಕೂ ಹೆಚ್ಚು ಗಂಟುಗಳು ಕ್ಯಾನ್ಸರ್ ಅಲ್ಲ. ಉಳಿದವನ್ನು ಬೇರ್ಪಡಿಸಿ ಗುರುತಿಸುವುದೇ ವೈದ್ಯರ ಕಾರ್ಯ. ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಗಂಟು ನಿರಪಾಯಕರವೆಂದು ತಿಳಿಯಲಾಗದು.

ಇಲ್ಲಿ ಮೊದಲು ನೆರವಾಗುವುದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ಶಬ್ದದ ಅಲೆಗಳಿಂದ ಚಿತ್ರ ಮೂಡಿಸುವ ಈ ಪರೀಕ್ಷೆಯಲ್ಲಿ ಎಕ್ಸ್‌ರೇ ಕಿರಣಗಳಿಲ್ಲ, ಗರ್ಭಿಣಿಯರಿಗೂ ಬಾಧಕವಿಲ್ಲ. ಶಿವದಾರ, ಮಾಂಗಲ್ಯಗಳನ್ನು ತುಸು ಪಕ್ಕಕ್ಕೆ ಸರಿಸಿಕೊಂಡರೆ ಸಾಕು. ನೀರು ತುಂಬಿದ ಗಂಟು, ಸ್ಪಂಜಿನಂತೆ ಸಣ್ಣ ರಂಧ್ರಗಳುಳ್ಳ ಗಂಟು ಸಾಮಾನ್ಯವಾಗಿ ಸೌಮ್ಯವಾದವು. ಗಟ್ಟಿಯಾಗಿದ್ದು ಚಿತ್ರದಲ್ಲಿ ಕಪ್ಪಾಗಿ ಕಾಣುವುದು, ಅಗಲಕ್ಕಿಂತ ಎತ್ತರ ಹೆಚ್ಚಿರುವುದು, ಅಂಚು ಅಂಕುಡೊಂಕಾಗಿರುವುದು, ಒಳಗೆ ಸುಣ್ಣದ ಸೂಕ್ಷ್ಮ ಕಣಗಳಿರುವುದು ಸಂಶಯಕ್ಕೆ ಎಡೆಗೊಡುತ್ತವೆ. ಅಮೆರಿಕದ ವಿಕಿರಣತಜ್ಞರ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ‘ಟೈರಾಡ್ಸ್’ ಪದ್ಧತಿಯು ಈ ಲಕ್ಷಣಗಳಿಗೆ ಅಂಕ ನೀಡಿ ಗಂಟುಗಳನ್ನು 5 ವರ್ಗಗಳಾಗಿ ವಿಂಗಡಿಸುತ್ತದೆ. ಐದನೆಯ ವರ್ಗದ ಗಂಟು 1 ಸೆಂಟಿಮೀಟರ್ ಇದ್ದರೂ ಸೂಜಿ ಪರೀಕ್ಷೆ ಬೇಕು; ಮೂರನೆಯ ವರ್ಗದ್ದಾದರೆ 2.5 ಸೆಂಟಿಮೀಟರ್ ಆಗುವವರೆಗೆ ಬೇಕಾಗದು.

ಆದರೆ ಚಿತ್ರವು ಸಂಶಯವನ್ನು ಸೂಚಿಸುತ್ತದೆಯೇ ಹೊರತು ತೀರ್ಪು ನೀಡುವುದಿಲ್ಲ. ತೆಳುಸೂಜಿಯಿಂದ ಜೀವಕೋಶಗಳನ್ನು ತೆಗೆದು ನೋಡುವ ಎಫ್.ಎನ್.ಎ.ಸಿ. ಪರೀಕ್ಷೆಯೇ ಮುಂದಿನ ಹೆಜ್ಜೆ. ಸೂಜಿ ಚುಚ್ಚಿದರೆ ರೋಗ ಹರಡುವುದೆಂಬ ಭಯದಿಂದ ಅದನ್ನು ತಪ್ಪಿಸುವುದು ಸಲ್ಲದು.

ಹಾಗೆಂದು ಲಕ್ಷಣವೇ ಇಲ್ಲದವರೆಲ್ಲ ಕೊರಳಿನ ಸ್ಕ್ಯಾನಿಂಗ್ ಮಾಡಿಸಬೇಕಾಗಿಲ್ಲ. ದಕ್ಷಿಣ ಕೊರಿಯಾದಲ್ಲಿ ಹಾಗೆ ಮಾಡಿದ್ದರಿಂದ 1993ರಿಂದ 2011ರ ಅವಧಿಯಲ್ಲಿ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 15 ಪಟ್ಟು ಏರಿತು. ಸಾವಿನ ಪ್ರಮಾಣ ಮಾತ್ರ ಇಳಿಯಲಿಲ್ಲ. ಅನೇಕರು ಅನಗತ್ಯ ಶಸ್ತ್ರಚಿಕಿತ್ಸೆಗೆ ಒಳಗಾದರು.

ಗಂಟು ಬೇಗನೆ ಬೆಳೆಯುತ್ತಿದ್ದರೆ, ಧ್ವನಿ ಒಡೆದರೆ, ನುಂಗಲು ತೊಡಕಾದರೆ, ಕತ್ತಿನ ಪಕ್ಕದಲ್ಲಿ ಬೇರೆ ಗಡ್ಡೆ ಕಂಡರೆ ತಡಮಾಡಬಾರದು. ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಅವರು ಸೂಚಿಸಿದರೆ ತುಮಕೂರಿಗೋ, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೋ ಹೋಗುವುದು ಲೇಸು. ಕ್ಯಾನ್ಸರೇ ಆಗಿದ್ದರೂ ಸಾಮಾನ್ಯ ಬಗೆಯದು ನಿಧಾನವಾಗಿ ಬೆಳೆಯುವಂಥದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಬಹುತೇಕರು ಗುಣಹೊಂದುತ್ತಾರೆ. ಮನೆಯ ತಾಯಿ, ಸೊಸೆಯಂದಿರ ಕೊರಳಿನ ಕಡೆಗೂ ಹಿರಿಯರ ಗಮನವಿರಲಿ.