ಮನವಿ ಒಂದು, ಕರಡೂ ಒಂದೇ ಇರಲಿ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕನ್ನಡ ಬಲ್ಲ ಅಧ್ಯಾಪಕರಿಗಾಗಿ ರಕ್ಷಕರು ಮನವಿ ಸಲ್ಲಿಸುವುದು ಹೊಸತಲ್ಲ. ಅದರ ಕರಡು ಈಗ ಸಿದ್ಧವಾಗುವುದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. ಆದರೆ ಕಡತವನ್ನೇ ಕಳುಹಿಸಿದರೆ ತಿದ್ದಿದವರಷ್ಟೇ ಪ್ರತಿಗಳು ಹುಟ್ಟುತ್ತವೆ. ಕೊನೆಗೆ ಹಳೆಯ ಪ್ರತಿಯೇ ಅಧಿಕಾರಿಯ ಮೇಜನ್ನು ಸೇರಬಹುದು.

ಕರಡನ್ನು ಗೂಗಲ್ ಡಾಕ್ಸ್‌ನಲ್ಲಿಟ್ಟು ಗುಂಪಿಗೆ ಕೊಂಡಿಯನ್ನಷ್ಟೇ ಕಳುಹಿಸಿದರೆ, ಟ್ಯಾಬ್‌ನಲ್ಲಿಯೇ ಎಲ್ಲರೂ ಒಂದೇ ಪ್ರತಿಯನ್ನು ನೋಡಬಹುದು. ತಿದ್ದುವ ಅಧಿಕಾರವನ್ನು ಇಬ್ಬರು ಮೂವರಿಗೆ ಅವರವರ ಇಮೇಲ್ ವಿಳಾಸಕ್ಕೆ ನೀಡುವುದು ಒಳಿತು. ಯಾರು, ಯಾವಾಗ, ಏನನ್ನು ಬದಲಿಸಿದರೆಂಬುದು ದಾಖಲಾಗುತ್ತದೆ. ಉಳಿದವರಿಗೆ ಟಿಪ್ಪಣಿ ಬರೆಯುವ ಅವಕಾಶ ಸಾಕು. ಮಕ್ಕಳ ಹೆಸರು, ವಿಳಾಸಗಳು ಅದರಲ್ಲಿ ಬೇಡ.

ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಆದುದರಿಂದ ಮನವಿ ಕನ್ನಡದಲ್ಲಿಯೇ ಇರಲಿ. ಅಂತಿಮ ಪ್ರತಿಯನ್ನು ಮುದ್ರಿಸಿ, ಸಹಿ ಹಾಕಿ, ಸಲ್ಲಿಸಿದ್ದಕ್ಕೆ ರಶೀದಿ ಪಡೆಯಲು ಮರೆಯಬಾರದು.