ಮತವೂ ಸರಕೂ

ಸಾಬೂನನ್ನು ಕೊಳ್ಳುವ ಗೃಹಿಣಿಯು ಅದರ ಗುಣವನ್ನು ಅರಿಯುವುದಕ್ಕೆ ಮೊದಲೇ ಅದರ ಹೆಸರನ್ನು ಹತ್ತು ಸಲ ಕೇಳಿರುತ್ತಾಳೆ. ಒಂದೇ ಮಾತನ್ನು ಪುನಃ ಪುನಃ ಹೇಳಿ ಮನಸ್ಸಿನಲ್ಲಿ ನೆಲೆಗೊಳಿಸುವುದು ವರ್ತಕರ ಸೂತ್ರವು. ಇದು ಚುನಾವಣೆಗೂ ಅನ್ವಯಿಸಲ್ಪಟ್ಟುದಕ್ಕೆ ಅಮೆರಿಕಾ ದೇಶದ 1952ನೆಯ ಇಸವಿಯ ಅಧ್ಯಕ್ಷ ಚುನಾವಣೆಯು ಪ್ರಸಿದ್ಧ ನಿದರ್ಶನವಾಗಿದೆ.

ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳು ಸೇನಾಪತಿ ಐಸೆನ್‌ಹೋವರ್ ಮಹಾಶಯರು. ಸರಕೊಂದಕ್ಕೆ ವಾಗ್ದಾನವೂ ಒಂದೇ ಇರಬೇಕೆಂಬ ಮತದವರಾದ ರೋಸರ್ ರೀವ್ಸ್ ಎಂಬ ಜಾಹೀರಾತುನಿಪುಣರು ಅವರಿಗಾಗಿ ದೂರದರ್ಶನಕ್ಕೆ ಕಿರುಚಿತ್ರಗಳನ್ನು ರಚಿಸಿದರು. ಒಂದೊಂದರ ಅವಧಿ ಸುಮಾರು 20 ಸೆಕೆಂಡು; ಸಾಮಾನ್ಯ ಪ್ರಜೆಯ ಪ್ರಶ್ನೆ, ಸೇನಾಪತಿಗಳ ಉತ್ತರ, ಅಷ್ಟೇ. ವಿನೋದವೇನೆಂದರೆ, ಉತ್ತರಗಳು ಮೊದಲು ಚಿತ್ರಿತವಾದುವು. ಪ್ರಶ್ನಿಸುವವರನ್ನು ಆಮೇಲೆ ಹುಡುಕಿ ತಂದರು! ಪರಸ್ಪರ ಕಾಣದವರು ಸಂಭಾಷಿಸಿದಂತೆ ತೋರಿತು.

ಐಸೆನ್‌ಹೋವರರಿಗೆ 442, ಪ್ರತಿಸ್ಪರ್ಧಿ ಸ್ಟೀವನ್‌ಸನ್ನರಿಗೆ 89 ನಿರ್ವಾಚಕ ಮತಗಳು ದೊರೆತುವು. ಜಾಹೀರಾತೊಂದೇ ಇದಕ್ಕೆ ಕಾರಣವೆನ್ನಲಾಗದು. ಯುದ್ಧದಲ್ಲಿ ಗಳಿಸಿದ ಕೀರ್ತಿಯೂ, ಕೊರಿಯಾ ಯುದ್ಧದಿಂದ ಜನರಿಗುಂಟಾದ ಬೇಸರವೂ ಸೇರಿದ್ದುವು. ಅಭ್ಯರ್ಥಿಗಳನ್ನು ಬೆಳಗಿನ ಉಪಾಹಾರದ ಧಾನ್ಯದಂತೆ ಮಾರುವುದು ಪ್ರಜಾಪ್ರಭುತ್ವಕ್ಕೆ ಅವಮಾನವೆಂದು ಸ್ಟೀವನ್‌ಸನ್ನರು 1956ರಲ್ಲಿ ಖಂಡಿಸಿದರು. ಆದರೆ ಆ ವರ್ಷ ಅವರ ಪಕ್ಷವೂ ಜಾಹೀರಾತು ಸಂಸ್ಥೆಯನ್ನೇ ಆಶ್ರಯಿಸಿತು!

ಪ್ರಜೆಗಳ ಕಷ್ಟವೇನೆಂದು ವಿಚಾರಿಸಿ, ತನ್ನ ಮಾತನ್ನು ತಿಳಿಯಾಗಿ ಹೇಳುವುದು ದೋಷವಲ್ಲ. ಆದರೆ ಸಾಬೂನು ಕೆಟ್ಟದ್ದಾದರೆ ಮುಂದಿನ ತಿಂಗಳು ಬದಲಾಯಿಸಬಹುದು. ಕೊಟ್ಟ ಮತವನ್ನು ಅಲ್ಲಿ ನಾಲ್ಕು ವರ್ಷ, ನಮ್ಮಲ್ಲಿ ಸಾಮಾನ್ಯವಾಗಿ ಐದು ವರ್ಷ ಹಿಂದೆಗೆಯಲಾಗದು. ಮೂರು ಕಾಸಿನ ಮಡಕೆಯನ್ನೂ ತಟ್ಟಿ ನೋಡಿ ಕೊಳ್ಳುವ ನಾವು ಮತವನ್ನು ಕೊಡುವಾಗ ಬಣ್ಣಕ್ಕೆ ಮರುಳಾಗುವುದು ಉಚಿತವೇ? ವಾಚಕರೇ ವಿಚಾರಿಸಲಿ.